ಮನೆಗೊಂದು ಚೀಟಿ

ಕಾಸರಗೋಡು ಕಡೆಯ ನೆಕ್ಕರೆಪದವಿನ ಸರಕಾರಿ ಆಸ್ಪತ್ರೆಯಲ್ಲಿ ಹೊರರೋಗಿಗಳಿಗೆ ಒಪಿ ಚೀಟಿ ಬರೆಯುವ ಫೆಲ್ಸಿಬಾಯಿಗೆ ಮೈಕು ಬೇಡ. ಕಿಟಕಿಯ ಹಿಂದೆ ಕೂತು "ಯಾರು ಮುಂದೆ? ಬೇಗ ಬನ್ನಿ" ಎಂದು ಅವಳು ಕರೆದರೆ ರಸ್ತೆಯ ಆಚೆ ಬಸ್ಸಿಗೆ ಕಾಯುವವರೂ ಒಂದು ಹೆಜ್ಜೆ ಮುಂದೆ ಇಡುತ್ತಾರೆ. ವಯಸ್ಸು ಐವತ್ತನಾಲ್ಕು, ಗಟ್ಟಿಮುಟ್ಟಾದ ಆಳು, ಮೂಗಿನ ತುದಿಗೆ ಜಾರಿದ ಕನ್ನಡಕ. ಮನೆಯಲ್ಲಿ ಕೊಂಕಣಿ, ನೆರೆಯವರ ಹತ್ತಿರ ತುಳು, ಆಫೀಸಿನಲ್ಲಿ ಮಲಯಾಳ, ಬೈಯಲಿಕ್ಕೆ ಮಾತ್ರ ಕನ್ನಡ ಎಂದು ಗಂಡ ಸಾಲ್ವದೊರ್ ತಮಾಷೆ ಮಾಡುವುದುಂಟು. ಅವನು ಬಂದ್ಯೋಡು ಜಂಕ್ಷನ್ನಿನಲ್ಲಿ ರಿಕ್ಷಾ ಓಡಿಸುತ್ತಾನೆ. ತಮಾಷೆಯನ್ನು ಹೆಂಡತಿ ಹತ್ತಿರ ಇಲ್ಲದಾಗಲೇ ಮಾಡುತ್ತಾನೆ.

ಅಂಥ ಸ್ವರ ಒಂದು ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ನಿಂತುಹೋಯಿತು.

ಡಾಕ್ಟರ್ ಶ್ರೀರಂಜಿನಿ ಒಂದು ಕಾಗದ ಹಿಡಿದು ಕಿಟಕಿಯ ಒಳಬದಿಗೆ ಬಂದಿದ್ದರು. ಚಿಕ್ಕ ವಯಸ್ಸಿನ ಡಾಕ್ಟರು, ಈ ಊರಿಗೆ ಬಂದು ಎಂಟು ತಿಂಗಳು. ಮುಖ ಬಿಳಿಚಿಕೊಂಡಿತ್ತು.

"ಬಾಯಿ, ಸಂಜೆಯ ಒಪಿ ನಿಲ್ಲಿಸ್ತಾರಂತೆ. ಬರುವ ಒಂದನೇ ತಾರೀಕಿನಿಂದ. ಕಿಟ್ ಕೂಡ ಇಲ್ಲ."

ಸಂಜೆಯ ಒಪಿ ಎಂದರೆ ಎರಡು ಗಂಟೆಯಿಂದ ಆರರವರೆಗೆ ಡಾಕ್ಟರು ಕೂರುವ ಹೊತ್ತು. ಬೆಳಗ್ಗಿನದ್ದು ಹೇಗೂ ಇರುತ್ತದೆ. ಆದರೆ ಬೆಳಗ್ಗೆ ಇಲ್ಲಿಗೆ ಬರಲು ಯಾರಿಗೆ ಪುರುಸೊತ್ತು? ಕಲ್ಲಿನ ಕೋರೆಗೆ ಹೋಗುವವರು, ಬೀಡಿ ಕಟ್ಟುವವರು, ಮೀನು ಮಾರುವ ಹೆಂಗಸರು ಎಲ್ಲರೂ ಅಂದಿನ ಕೆಲಸ ಮುಗಿಸಿ ಬರುವುದು ಸಂಜೆಗೇ. ಕ್ಷಯದವರಿಗೆ, ಹಾಸಿಗೆ ಹಿಡಿದವರಿಗೆ, ಬಾಣಂತಿಯರಿಗೆ ತಿಂಗಳಿಗೊಮ್ಮೆ ಕೊಡುವ ಕಿಟ್, ಅಂದರೆ ಕುಚ್ಚಿಲಕ್ಕಿ, ಹೆಸರು, ಕಡಲೆ, ಬೆಲ್ಲ ತುಂಬಿದ ಚೀಲ, ಅದನ್ನು ಹಂಚುವುದೂ ಸಂಜೆಯ ಒಪಿಯಲ್ಲೇ.

"ಯಾಕಂತೆ?"

"ಜನ ಇಲ್ಲವಂತೆ. ಸಂಜೆಗೆ ಸರಾಸರಿ ಹದಿನೇಳು ಮಂದಿ ಅಂತ ಬರ್ದಿದ್ದಾರೆ. ಐವತ್ತಕ್ಕಿಂತ ಕಡಿಮೆ ಇರುವ ಕಡೆ ಎಲ್ಲ ಬಂದ್ ಮಾಡಿ ಖರ್ಚು ಉಳಿಸುವುದಂತೆ."

ಫೆಲ್ಸಿಬಾಯಿ ಕಿಟಕಿಯ ಸರಳುಗಳ ನಡುವಿನಿಂದ ವರಾಂಡ ನೋಡಿದಳು. ಬೆಂಚು ತುಂಬಿತ್ತು, ಗೋಡೆಗೆ ಒರಗಿದವರಿದ್ದರು, ಮೆಟ್ಟಿಲ ಮೇಲೆ ಕೂತವರಿದ್ದರು, ಹಲಸಿನ ಮರದ ಕೆಳಗೆ ಮಕ್ಕಳನ್ನು ಎತ್ತಿಕೊಂಡು ನಿಂತವರಿದ್ದರು. ಹದಿನೇಳಂತೆ! ಹದಿನೇಳು ಮಂದಿ ಬರಿ ಕೆಮ್ಮುವವರೇ ಇದ್ದರು. ಯಾವ ಕುರುಡ ಲೆಕ್ಕ ಮಾಡಿದ್ದು ಇದನ್ನು ಎಂದು ಬೈಯಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಮುಚ್ಚಿತು. ಲೆಕ್ಕ ಮಾಡಿದ್ದು ಅವಳೇ.

ಅದು ಏಳು ವರ್ಷದ ಹಿಂದಿನ ಮಾತು. ಫೆಲ್ಸಿಬಾಯಿ ಅದಕ್ಕೂ ಮೊದಲು ಗೇರುಬೀಜದ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಬೀಜ ಒಡೆದು ಕೈ ಕಪ್ಪು ಮಾಡಿಕೊಂಡವಳು. ಕಾರ್ಖಾನೆ ಮುಚ್ಚಿದಾಗ ಆಸ್ಪತ್ರೆಯಲ್ಲಿ ಗುಡಿಸುವ ಕೆಲಸ ಸಿಕ್ಕಿತು. ನೂರ ಎಪ್ಪತ್ತೊಂಬತ್ತು ದಿನದ ಕರಾರು, ಮುಗಿದ ಕೂಡಲೇ ಇನ್ನೊಂದು. ನೂರ ಎಂಬತ್ತಾದರೆ ಎಲ್ಲಿ ಕಾಯಂ ಕೇಳಿಬಿಡುತ್ತಾಳೋ ಎಂದು ಸರಕಾರಕ್ಕೆ ಒಂದು ದಿನದ ಭಯ. ಎಸೆಸೆಲ್ಸಿ ಪಾಸಾದವಳೆಂದು ಗೊತ್ತಾದ ಮೇಲೆ ಚೀಟಿಯ ಕಿಟಕಿಗೂ ಅವಳನ್ನೇ ಕೂರಿಸಿದರು. ಗುಡಿಸುವುದು ನಿಲ್ಲಲಿಲ್ಲ, ಸಂಬಳವೂ ಏರಲಿಲ್ಲ.

ಆ ವರ್ಷ ಆಷಾಢದಲ್ಲಿ ಜ್ವರ ಬಂದು ಊರಿಗೆ ಊರೇ ಮಲಗಿತ್ತು. ಕರೆಂಟಿಲ್ಲ, ಕಂಪ್ಯೂಟರ್ ಸತ್ತಿದೆ, ಪ್ರತಿ ಹೆಸರನ್ನೂ ಕೈಯಲ್ಲಿ ಬರೆಯಬೇಕು, ಸಾಲು ರಸ್ತೆಗೆ ಮುಟ್ಟಿದೆ, ಮಳೆ ಹೊಡೆಯುತ್ತಿದೆ, ಡಾಕ್ಟರಿಗೆ ಆರೂಕಾಲಿನ ಬಸ್ಸು. ಒಂದು ಸಂಜೆ ಹನ್ನೊಂದು ಮಂದಿ ಡಾಕ್ಟರನ್ನು ಕಾಣದೇ ಒದ್ದೆಯಾಗಿ ಹಿಂದೆ ಹೋದರು. ಮಾರನೆಯ ದಿನ ಫೆಲ್ಸಿಬಾಯಿ ಕಿಟಕಿಯಿಂದಲೇ ಶಾಸನ ಹೊರಡಿಸಿದಳು. "ಮನೆಗೊಂದೇ ಚೀಟಿ! ಯಜಮಾನನ ಹೆಸರು ಹೇಳಿ, ಉಳಿದವರು ಅದರಲ್ಲೇ ಒಳಗೆ ಹೋಗಿ!" ಆಗಿದ್ದ ಡಾಕ್ಟರು, ಈಗ ವರ್ಗವಾಗಿ ಹೋದವರು, ಖುಷಿಪಟ್ಟರು. ಚೀಟಿಯ ಮುಂದಿನ ಬದಿಯಲ್ಲಿ ಅಜ್ಜನ ಹೆಸರು, ಹಿಂದಿನ ಬದಿಯಲ್ಲಿ ಅಜ್ಜಿ, ಸೊಸೆ, ಮೊಮ್ಮಗುವಿನ ಹೆಸರು ಮತ್ತು ಮದ್ದು. ಸಾಲು ಬೇಗ ಕರಗಿತು. ಎಲ್ಲರೂ ಹೊಗಳಿದರು. ಗ್ರಾಮಸಭೆಯಲ್ಲಿ ಪಂಚಾಯತ್ ಮೆಂಬರ್ ಅವಳ ಬುದ್ಧಿಯನ್ನು ಕೊಂಡಾಡಿ ಒಂದು ಶಾಲು ಹೊದೆಸಿದರು.

ಮಳೆ ನಿಂತಿತು, ಕರೆಂಟು ಬಂತು, ಕಂಪ್ಯೂಟರೂ ಬಂತು. ಪದ್ಧತಿ ಮಾತ್ರ ಹೋಗಲಿಲ್ಲ. ಹೊಸ ಡಾಕ್ಟರುಗಳು ಇದೇ ಇಲ್ಲಿಯ ಕಾನೂನು ಎಂದು ತಿಳಿದರು. ಊರಿನವರಂತೂ ಮಗು ಹುಟ್ಟಿದರೆ ಅದನ್ನೂ ಅಜ್ಜನ ಚೀಟಿಗೆ ಸೇರಿಸಿದರು. ತಿಂಗಳ ಕೊನೆಗೆ ಎಷ್ಟು ಚೀಟಿ ಎಂಬುದು ಮೇಲಕ್ಕೆ ಹೋಗುತ್ತಿತ್ತು, ಎಷ್ಟು ಮಂದಿ ಎಂದು ಯಾರೂ ಕೇಳುತ್ತಿರಲಿಲ್ಲ.

ಅಂದು ಸಂಜೆ ಫೆಲ್ಸಿಬಾಯಿ ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು ಅತ್ತಳು. ಹೊರಗೆ ಬಟ್ಯಜ್ಜ ಕಿಟ್ಟಿನ ಚೀಲ ಹೆಗಲಿಗೇರಿಸುತ್ತಿದ್ದ. ಅವನ ಕ್ಷಯದ ಮದ್ದು ನಾಲ್ಕನೇ ತಿಂಗಳು ನಡೆಯುತ್ತಿದೆ, ಇನ್ನೆರಡು ತಿಂಗಳಿದೆ. ಹೊಟ್ಟೆಗಿಲ್ಲದೆ ಆ ಮಾತ್ರೆ ನುಂಗಿದರೆ ವಾಂತಿಯಾಗಿ ಮಾತ್ರೆಯನ್ನೇ ಬಿಡುತ್ತಾನೆ, ಬಿಟ್ಟರೆ ಮೊದಲಿನಿಂದ ಶುರು. "ಬಾಯಿ, ಬರುವ ತಿಂಗಳು ಬೆಲ್ಲ ಸ್ವಲ್ಪ ಒಳ್ಳೇದು ಕೊಡಿ ಆಯ್ತಾ" ಎಂದು ಕೂಗಿ ಹೇಳಿ ಅವನು ಹೋದ. ಹೇಳಿದರೆ ತನ್ನ ತಪ್ಪು ಹೊರಬೀಳುತ್ತದೆ, ಅವಳ ಕರಾರು ಮುಗಿಯುವುದೂ ಇದೇ ಮೂವತ್ತಕ್ಕೆ. ಹೇಳದಿದ್ದರೆ ಆಸ್ಪತ್ರೆಯ ಸಂಜೆಯೇ ಹೋಗುತ್ತದೆ.

ಭಾನುವಾರ ಶಾಸಕರು ಬಂದರು. ಭುಜಂಗ ಮಾಷ್. ಹೆಸರು ಭುಜಂಗನಾದರೂ ಅವರು ಯಾರನ್ನಾದರೂ ಕಚ್ಚಿದ್ದನ್ನು ಕಂಡವರಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಮೇಷ್ಟ್ರು, ಅದಕ್ಕೇ ಮಾಷ್. ಯಾವ ಪಕ್ಷ ಎಂದು ಹೇಳುವುದಿಲ್ಲ, ಹೇಳಿದರೆ ಓದುವವರಲ್ಲಿ ಅರ್ಧ ಜನ ಇಲ್ಲಿಗೇ ಮಡಚಿ ಇಡುತ್ತಾರೆ. ಆ ದಿನ ಮಾತ್ರ ಅವರಿಗೆ ನಿಜಕ್ಕೂ ಕೋಪ ಬಂದಿತ್ತು.

"ಮದ್ದಿಗೂ ಅನ್ನಕ್ಕೂ ಕತ್ತರಿ ಹಾಕುವುದಾದರೆ ಮೊದಲು ನನ್ನ ಕಾರಿನ ಡೀಸೆಲಿಗೆ ಹಾಕ್ಲಿ" ಎಂದು ವರಾಂಡದಲ್ಲಿ ನಿಂತು ಗುಡುಗಿದರು. "ಬುಧವಾರ ವಿಧಾನಸಭೆಯಲ್ಲಿ ನನಗೆ ಮಾತಾಡ್ಲಿಕ್ಕೆ ಹತ್ತು ನಿಮಿಷ ಸಿಕ್ಕಿದೆ. ನಾನು ಎಷ್ಟು ಬೊಬ್ಬೆ ಹಾಕಿದರೂ ಮಂತ್ರಿಗಳು ಎದ್ದು ಹದಿನೇಳು ಅಂತಾರೆ, ನಾನು ಕೂತ್ಕೊಳ್ಬೇಕು. ಡಾಕ್ಟರೇ, ನೀವು ಹೇಳಿ. ಈ ಹದಿನೇಳು ಸರಿಯಾ, ತಪ್ಪಾ?"

ಡಾಕ್ಟರ್ ಶ್ರೀರಂಜಿನಿ ಫೆಲ್ಸಿಬಾಯಿಯನ್ನು ನೋಡಿದರು. ಫೆಲ್ಸಿಬಾಯಿ ಪೊರಕೆಯನ್ನು ನೋಡಿದಳು.

"ತಪ್ಪು ಮಾಷ್" ಎಂದಳು ಕೊನೆಗೆ. "ನಾಳೆ ನೋಡಿ ನೀವು. ನಾಳೆಯ ಸಂಖ್ಯೆ ನೋಡಿ."

ಅರ್ಧ ಸತ್ಯ ಹೇಳಿದವರಿಗೆ ಉಳಿದರ್ಧ ಗಂಟಲಲ್ಲಿ ಚುಚ್ಚುತ್ತದೆ. ಆದರೂ ಅವಳಿಗೆ ಒಂದು ದಾರಿ ಕಂಡಂತಾಗಿ ಮೈಯಲ್ಲಿ ಹುರುಪು ಬಂತು. ತಾನು ಕಟ್ಟಿದ್ದನ್ನು ತಾನೇ ಬಿಚ್ಚಿದರಾಯಿತು! ಮಧ್ಯಾಹ್ನದ ಊಟವನ್ನೂ ಮುಗಿಸಲು ಬಿಡದೆ ಸಾಲ್ವದೊರನನ್ನು ಎಬ್ಬಿಸಿದಳು. ಹಬ್ಬದ ಸಮಯ ಅವನು ರಿಕ್ಷಾಕ್ಕೆ ಕಟ್ಟುವ ಮೈಕು ಅಟ್ಟದಲ್ಲಿತ್ತು. ಇಷ್ಟು ಹೊತ್ತು ಅವಳಿಗೆ ಮೈಕು ಬೇಡ ಎಂದೆವಲ್ಲ, ಆ ದಿನ ಬೇಕಾಯಿತು.

"ಸೀಕು ಇದ್ದವರು ನಾಳೆ ಸಂಜೆ ಬನ್ನಿ! ಸೀಕು ಇಲ್ಲದವರು ಬರುವುದು ಬೇಡ! ಒಬ್ಬೊಬ್ಬರಿಗೂ ಒಂದೊಂದು ಚೀಟಿ! ಮನೆಗೊಂದು ಚೀಟಿ ಇನ್ನು ಇಲ್ಲ!" ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ, ತನಗೆ ಬಂದಷ್ಟು ಬ್ಯಾರಿ ಭಾಷೆಯಲ್ಲಿ. ಇಗರ್ಜಿಯ ತಿರುವಿನಲ್ಲಿ, ಕ್ರೈಸ್ತರ ಮನೆಗಳಿರುವಲ್ಲಿ, ಕೊಂಕಣಿಯಲ್ಲಿ. ಸಂಜೆಯಾಗುವಾಗ ಗಂಟಲು ಬಿದ್ದುಹೋಗಿತ್ತು, ಮುಖ ಮಾತ್ರ ಅರಳಿತ್ತು.

ಸೋಮವಾರ ನೂರ ಎಂಟು ಚೀಟಿ ಹರಿಯಿತು! ನೂರ ಎಂಟು! ಡಾಕ್ಟರ್ ಶ್ರೀರಂಜಿನಿಗೆ ಚಹಾ ಕುಡಿಯಲೂ ಪುರುಸೊತ್ತಾಗಲಿಲ್ಲ. ಕೊನೆಯ ಚೀಟಿಯ ಸಂಖ್ಯೆಯನ್ನು ಫೆಲ್ಸಿಬಾಯಿ ಗಟ್ಟಿಯಾಗಿ ಓದಿ ಹೇಳಿದಾಗ ವರಾಂಡದಲ್ಲಿ ಚಪ್ಪಾಳೆ ಬಿತ್ತು. ಸಾಲ್ವದೊರ್ ಎದುರಿನ ಹೋಟೆಲಿನಿಂದ ಗೋಳಿಬಜೆ ತಂದು ಎಲ್ಲರಿಗೂ ಹಂಚಿದ. ಮಾಷ್‌ಗೆ ಫೋನು ಹೋಯಿತು. ಫೆಲ್ಸಿಬಾಯಿ ಆ ರಾತ್ರಿ ಶುಕ್ರವಾರದ ನಂತರ ಮೊದಲ ಸಲ ಚೆನ್ನಾಗಿ ನಿದ್ದೆ ಮಾಡಿದಳು.

ಮಂಗಳವಾರ ಹನ್ನೊಂದೂವರೆಗೆ ಜೀಪು ಬಂತು. ಇಳಿದವರು ಪರಿಶೀಲನೆಯ ಅಧಿಕಾರಿ ಶಿವಸುಬ್ರಹ್ಮಣ್ಯ. ಇಸ್ತ್ರಿ ಮಾಡಿದ ಅಂಗಿ, ಅಷ್ಟೇ ಇಸ್ತ್ರಿಯ ಮಾತು. ಕೆಟ್ಟ ಮನುಷ್ಯನೇನಲ್ಲ, ಕಾಗದದಲ್ಲಿ ಇದ್ದುದನ್ನು ಬಿಟ್ಟು ಬೇರೆ ನೋಡಿ ಅಭ್ಯಾಸವಿಲ್ಲ, ಅಷ್ಟೇ. ಕಂಪ್ಯೂಟರಿನ ಪರದೆಯನ್ನು ಹತ್ತು ನಿಮಿಷ ನೋಡಿದರು.

"ಶುಕ್ರವಾರ ಹತ್ತೊಂಬತ್ತು. ಶನಿವಾರ ಹದಿನಾರು. ಸೋಮವಾರ ನೂರ ಎಂಟು. ಮಧ್ಯದಲ್ಲಿ ಭಾನುವಾರ ಎಂಎಲ್‌ಎ ಬಂದು ಹೋಗಿದ್ದಾರೆ, ಹೌದಾ?"

"ಹೌದು" ಎಂದರು ಡಾಕ್ಟರು.

"ರಿಕ್ಷಾದಲ್ಲಿ ಮೈಕು ಕಟ್ಟಿ ಜನ ಕರೆದದ್ದೂ ಹೌದಾ?"

"ಸರ್, ಅವರೆಲ್ಲ ನಿಜವಾದ ರೋಗಿಗಳು. ನಾನೇ ನೋಡಿದ್ದೇನೆ."

"ಇರಬಹುದು. ಆದರೆ ಏಳು ವರ್ಷ ಹದಿನೇಳು ಇದ್ದದ್ದು ಒಂದೇ ದಿನ ನೂರ ಎಂಟು ಆಗುವುದಿಲ್ಲ ಡಾಕ್ಟರೇ. ಇದು ತಂದು ನಿಲ್ಲಿಸಿದ ಜನ. ನನ್ನ ವರದಿ ಇವತ್ತೇ ಹೋಗ್ತದೆ." ಅವರು ಫೈಲು ಮಗುಚಿದರು. "ಇನ್ನೊಂದು. ಇಲ್ಲಿ ಮದ್ದು ವಿಪರೀತ ಖರ್ಚಾಗ್ತಾ ಉಂಟು ಅಂತ ಹೋದ ಮಾರ್ಚಿನಲ್ಲೇ ನಮ್ಮ ಆಫೀಸಿನಿಂದ ವಿವರಣೆ ಕೇಳಿದ್ದೆವು. ಹದಿನೇಳು ಮಂದಿಗೆ ಇಷ್ಟು ಮಾತ್ರೆಯಾ? ಅದಕ್ಕೂ ಉತ್ತರ ಬಂದಿಲ್ಲ."

ಜೀಪು ಹೋದ ಧೂಳು ಇಳಿಯುವ ಮೊದಲೇ ಡಾಕ್ಟರರ ಫೋನು ಬಡಿಯಿತು. ಮಾಷ್. ಸ್ಪೀಕರಿನಲ್ಲಿ ಅವರ ಸ್ವರ ದಣಿದಿತ್ತು.

"ಡಾಕ್ಟರೇ, ನನಗೀಗ ಸುದ್ದಿ ಬಂತು. ನಾಳೆ ನಾನು ಎದ್ದು ನಿಂತರೆ ಬಾಡಿಗೆ ರೋಗಿಗಳ ಎಂಎಲ್‌ಎ ಅಂತ ನಗಾಡ್ತಾರೆ. ನಗಾಡ್ಲಿ, ನನಗೆ ತೊಂದರೆ ಇಲ್ಲ. ಆದರೆ ಮತ್ತೆ ನಿಮ್ಮ ಆಸ್ಪತ್ರೆಯ ಹೆಸರು ಯಾರೂ ಎತ್ಲಿಕ್ಕಿಲ್ಲ. ಇವತ್ತು ಸಂಜೆಯ ರೈಲಿಗೆ ನಾನು ಹೊರಡ್ಬೇಕು. ಮಾತಾಡುವುದಾ, ಬಿಡುವುದಾ? ನಿಜ ಎಂತ, ಹೇಳಿ."

ಫೆಲ್ಸಿಬಾಯಿ ಕೈಯೊರೆಸಿಕೊಂಡು ಫೋನಿನ ಹತ್ತಿರ ಬಂದಳು.

"ಮಾಷ್, ನಾನು ಫೆಲ್ಸಿ. ತಪ್ಪು ನನ್ನದು." ಎಂದವಳು ಮಳೆಯನ್ನೂ, ಸಾಲನ್ನೂ, ಆರೂಕಾಲಿನ ಬಸ್ಸನ್ನೂ, ಏಳು ವರ್ಷವನ್ನೂ, ಮಾರ್ಚಿನಲ್ಲಿ ಕೇಳಿದ ಮಾತ್ರೆಯ ಲೆಕ್ಕವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು.

ಆಚೆ ಕಡೆ ಮಾಷ್ ನಕ್ಕರು. ಮೊದಲು ಮೆಲ್ಲಗೆ, ಮತ್ತೆ ಕೆಮ್ಮು ಬರುವಷ್ಟು.

"ಅಯ್ಯೋ ಮಾರಾಯ್ತಿ! ಏಳು ವರ್ಷ ಊರಿಗೆ ಊರನ್ನೇ ಅಡಗಿಸಿಟ್ಟಿರಲ್ಲ! ಆದರೆ ಬಾಯಿ, ಬರಿ ಬಾಯಿಮಾತಿಗೆ ಯಾರು ನಂಬ್ತಾರೆ? ಎಂತಾದರೂ ರುಜುವಾತು ಉಂಟಾ?"

ಉತ್ತರ ಕೊಟ್ಟದ್ದು ಡಾಕ್ಟರು. ಕುರ್ಚಿಯಿಂದ ಹಾರಿ ಎದ್ದಿದ್ದರು. "ಉಂಟು! ಚೀಟಿಗಳ ಹಿಂದಿನ ಬದಿ! ನಾವು ಎಲ್ಲರ ಹೆಸರು, ಮದ್ದು, ತಾರೀಕು ಬರ್ದು ಸಹಿ ಹಾಕಿದ್ದೇವೆ. ನನ್ನದು, ನನ್ನ ಮೊದಲಿನವರದ್ದು. ಚೀಟಿ ರೋಗಿಗಳ ಮನೆಯಲ್ಲೇ ಇರ್ತದೆ!"

"ಹಾಗಾದರೆ ತನ್ನಿ! ಆರು ಮುಕ್ಕಾಲಿಗೆ ಕಾಸರಗೋಡಿನಲ್ಲಿ ನನ್ನ ತಿರುವನಂತಪುರದ ರೈಲು."

ಗಡಿಯಾರದಲ್ಲಿ ಒಂದು ಗಂಟೆ. ಫೆಲ್ಸಿಬಾಯಿ ಕುಟುಂಬಶ್ರೀ ಮಹಿಳಾ ಸಂಘದವರ ದೊಡ್ಡ ಬಟ್ಟೆಚೀಲ ಎತ್ತಿಕೊಂಡಳು. ಸಂಜೆಯ ಕಿಟಕಿಗೆ ತಾನೇ ಕೂರುತ್ತೇನೆ ಎಂದು ನರ್ಸ್ ಡಯಾನಾ ಅವಳನ್ನು ಹೊರಗೆ ದೂಡಿದಳು. ಸಾಲ್ವದೊರ್ ರಿಕ್ಷಾ ತಿರುಗಿಸಿಯೇ ನಿಂತಿದ್ದ.

ಆ ನಾಲ್ಕು ಗಂಟೆ ಅವಳು ಹತ್ತಿದ ಮೆಟ್ಟಿಲು, ಹಾರಿದ ತೋಡು, ಅಟ್ಟಿಸಿಕೊಂಡು ಬಂದ ನಾಯಿ, ಇದಕ್ಕೆಲ್ಲ ಲೆಕ್ಕವಿಲ್ಲ. ಆಸ್ಪತ್ರೆಯ ಚೀಟಿಯನ್ನು ಜನ ಎಲ್ಲೆಲ್ಲಿ ಇಡುತ್ತಾರೆಂದು ಅವಳಿಗೆ ಅಂದೇ ಗೊತ್ತಾದದ್ದು. ಒಂದು ಮನೆಯಲ್ಲಿ ಮಧೂರು ಗಣಪತಿಯ ಕ್ಯಾಲೆಂಡರಿನ ಹಿಂದೆ, ಇನ್ನೊಂದರಲ್ಲಿ ಪ್ರಾರ್ಥನೆ ಪುಸ್ತಕದೊಳಗೆ, ಮತ್ತೊಂದರಲ್ಲಿ ಮಗಳ ಮದರಸದ ಪುಸ್ತಕಗಳ ನಡುವೆ, ಅಕ್ಕಿ ಡಬ್ಬಿಯಲ್ಲಿ, ತಲೆದಿಂಬಿನ ಅಡಿಯಲ್ಲಿ. "ಎಂತಕ್ಕೆ ಬಾಯಿ?" ಎಂದು ಕೇಳಿದವರಿಗೆ ಅವಳು ಎಲ್ಲ ಕಡೆಯೂ ಒಂದೇ ಮಾತು ಹೇಳಿದಳು. "ನಾನು ನಿಮ್ಮನ್ನು ಲೆಕ್ಕಕ್ಕೆ ಹಿಡೀಲಿಲ್ಲ. ಈಗ ಹಿಡಿಸ್ಬೇಕು." ಮೊದಲ ಮನೆಯಲ್ಲಿ ಹೇಳುವಾಗ ನಾಚಿಕೆಯಿಂದ ಮುಖ ಸುಟ್ಟುಹೋಯಿತು. ಹತ್ತನೆಯ ಮನೆಗೆ ಬರುವಾಗ ಅಭ್ಯಾಸವಾಯಿತು. ಯಾರೂ ಬೈಯಲಿಲ್ಲ. ಒಬ್ಬಳು ಬೀಡಿ ಕಟ್ಟುವ ಹೆಂಗಸು ಮಾತ್ರ ಹೊಟ್ಟೆ ಹಿಡಿದು ನಕ್ಕು, ಏಳು ವರ್ಷದ ಚೀಟಿಗಳನ್ನು ಒಂದು ಕಟ್ಟಾಗಿ ತಂದು ಸುರಿದಳು. ಬೀಡಿಯ ನೂಲಿನಿಂದಲೇ ಅಚ್ಚುಕಟ್ಟಾಗಿ ಕಟ್ಟಿದ್ದಳು.

ಬಟ್ಯಜ್ಜ ಕೊಡಲು ಹಿಂದೆಮುಂದೆ ನೋಡಿದ. ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೊಡೆಯ ಕಡ್ಡಿಗೆ ಕಟ್ಟಿಕೊಂಡಿದ್ದ.

"ಇದು ಹೋದರೆ ನನ್ನ ಮಾತ್ರೆ ಬಾಯಿ?"

"ಮಾತ್ರೆ ನಿಲ್ಲುವುದಿಲ್ಲ ಅಜ್ಜ, ಡಾಕ್ಟರಿಗೆ ಗೊತ್ತುಂಟು. ಈ ಚೀಟಿ ಕೊಡದಿದ್ದರೆ ಕಿಟ್ಟೇ ನಿಲ್ತದೆ."

ಅವನು ಬಿಚ್ಚಿ ಕೊಟ್ಟ. ಮುಂದೆ ಬಟ್ಯ ಎಂಬ ಒಂದೇ ಹೆಸರು. ಹಿಂದೆ ಅವನ ಹೆಂಡತಿ, ಮಗಳು, ಮಗಳ ಎರಡು ಮಕ್ಕಳು. ಚಿಕ್ಕದಕ್ಕೆ ಕಫದ ಮದ್ದು, ಮಗಳಿಗೆ ರಕ್ತಹೀನತೆಯ ಮಾತ್ರೆ. ಐದು ಜೀವ ಒಂದು ಚೀಟಿಯಲ್ಲಿ ಕೂತಿತ್ತು. ಫೆಲ್ಸಿಬಾಯಿಗೆ ಅಳಲಿಕ್ಕೂ ಸಮಯವಿರಲಿಲ್ಲ.

ಐದು ಗಂಟೆಗೆ ಬಂದ್ಯೋಡು ಬಿಟ್ಟರು. ಹೆದ್ದಾರಿ ಅಗಲ ಮಾಡಿ ಮಾಡಿ ಮುಗಿಯದ ಕಡೆ ಎಲ್ಲ ವಾಹನಗಳನ್ನು ಬದಿಯ ರಸ್ತೆಗೆ ಇಳಿಸಿದ್ದರು. ಕುಂಬಳೆ ದಾಟುವ ಮೊದಲೇ ಒಂದು ಟ್ಯಾಂಕರು ಅಡ್ಡ ನಿಂತು ದಾರಿ ಪೂರಾ ಬ್ಲಾಕ್. ಹತ್ತು ನಿಮಿಷ, ಇಪ್ಪತ್ತು ನಿಮಿಷ. ರಿಕ್ಷಾದ ಹಿಂದಿನ ಸೀಟಿನಲ್ಲಿ ಫೆಲ್ಸಿಬಾಯಿ ನೋಟುಪುಸ್ತಕದ ಹಾಳೆಯ ಮೇಲೆ ತನ್ನ ಹೇಳಿಕೆ ಬರೆಯುತ್ತಿದ್ದಳು, ಕನ್ನಡದಲ್ಲೇ. ಈ ಕಡೆಯವರ ಕನ್ನಡ ಅರ್ಜಿಯನ್ನು ಸರಕಾರ ತೆಗೆದುಕೊಳ್ಳಲೇಬೇಕು ಎಂದು ಮಾಷ್ ಹಿಂದೊಮ್ಮೆ ಗ್ರಾಮಸಭೆಯಲ್ಲಿ ಹೇಳಿದ್ದು ಅವಳಿಗೆ ನೆನಪಿತ್ತು.

"ಇದಾ, ಎಂತ ನೋಡ್ತಾ ಕೂತಿದ್ದೀರಿ? ಒಳದಾರಿ ಇಲ್ಲವಾ?"

"ಉಂಟು. ಆದರೆ ಕೊರಕಲು, ರಿಕ್ಷಾದ ಆಯುಷ್ಯ ಮುಗೀತದೆ."

"ಮುಗೀಲಿ!"

ಮೂವತ್ತು ವರ್ಷದಲ್ಲಿ ನಲವತ್ತರ ಮೇಲೆ ಓಡಿಸದ ಸಾಲ್ವದೊರ್ ಅಂದು ಕಲ್ಲಿನಿಂದ ಕಲ್ಲಿಗೆ ಹಾರಿಸಿದ. ಕೋಳಿಗಳು ಚೆಲ್ಲಾಪಿಲ್ಲಿಯಾದವು, ಯಾರೋ ಬೈದರು, ಫೆಲ್ಸಿಬಾಯಿಯ ಕೊನೆಯ ಎರಡು ಸಾಲು ಯಾವ ಭಾಷೆಯಲ್ಲಿದೆ ಎಂದೇ ಓದಲಾಗದಂತಾಯಿತು. ಆರು ನಲವತ್ತಕ್ಕೆ ಸ್ಟೇಷನ್ನು. ರೈಲು ಬಂದು ನಿಲ್ಲುತ್ತಿತ್ತು. ಏದುಸಿರು ಬಿಡುತ್ತ ಪ್ಲಾಟ್‌ಫಾರ್ಮಿಗೆ ಓಡಿದ ಅವಳನ್ನು ಮಾಷ್ ದೂರದಿಂದಲೇ ಕಂಡು ಎದುರು ಬಂದರು.

ಚೀಲ ಕೈ ಬದಲಾಯಿತು. ಮಾಷ್ ನಿಂತಲ್ಲೇ ಕಾಗದ ಓದಿದರು. ಮುಖ ಗಂಭೀರವಾಯಿತು.

"ಬಾಯಿ, ನಿಮ್ಮ ಕರಾರು ಯಾವಾಗ ಮುಗಿಯುವುದು?"

"ಮೂವತ್ತಕ್ಕೆ."

"ನಾನು ಹೆಸರು ಹೇಳುವುದಿಲ್ಲ. ಒಬ್ಬ ಸಿಬ್ಬಂದಿ ಅಂತ ಹೇಳ್ತೇನೆ, ಸಾಕು."

"ಸಾಲದು ಮಾಷ್. ಹೆಸರಿಲ್ಲದವಳ ಮಾತು ಕಟ್ಟುಕಥೆ ಅಂತ ಆ ಅಧಿಕಾರಿಯೇ ಬರೀತಾರೆ. ಹೆಸರು ಹೇಳಿ, ಊರು ಹೇಳಿ. ಡಾಕ್ಟರಮ್ಮನದ್ದು ಹೇಳ್ಬೇಡಿ. ಅವರು ಬಂದು ಎಂಟು ತಿಂಗಳು, ನಾನು ಹಾಕಿದ ದಾರಿಯಲ್ಲಿ ನಡೆದರು ಅಷ್ಟೇ."

"ಯೋಚನೆ ಮಾಡಿ ಹೇಳ್ತಾ ಇದ್ದೀರಾ?"

"ಯೋಚನೆ ಮಾಡಿದರೆ ಹೇಳ್ಲಿಕ್ಕಾಗುವುದಿಲ್ಲ. ನೀವು ಹತ್ತಿ, ರೈಲು ಬಿಡ್ತದೆ!"

ಬುಧವಾರ ಬೆಳಗ್ಗೆ ಹತ್ತೂವರೆಗೆ ಆಸ್ಪತ್ರೆಯ ವರಾಂಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಾಕ್ಟರು ತಮ್ಮ ಫೋನಿನಲ್ಲಿ ವಿಧಾನಸಭೆಯ ನೇರ ಪ್ರಸಾರ ಹಾಕಿ ಅದನ್ನು ಚೀಟಿಯ ಕಿಟಕಿಗೆ ಒರಗಿಸಿಟ್ಟಿದ್ದರು. ಬೆಳಗ್ಗಿನ ರೋಗಿಗಳು, ಕೋರೆಗೆ ರಜೆ ಹಾಕಿದವರು, ಮೀನಿನ ಬುಟ್ಟಿ ಕೆಳಗಿಟ್ಟ ಹೆಂಗಸರು ಎಲ್ಲರೂ ಆ ಅಂಗೈಯಗಲದ ಪರದೆಗೆ ಕಣ್ಣು ಹಾಕಿದ್ದರು. ಮಾಷ್ ಎದ್ದು ನಿಂತರು. ಮೊದಲು ಮಲಯಾಳದಲ್ಲಿ ಶುರು ಮಾಡಿದರು. ಮದ್ದಿಗೂ ಅನ್ನಕ್ಕೂ ಸರಾಸರಿಯ ಕತ್ತರಿ ಹಾಕಬಾರದು, ಆದೇಶವನ್ನು ನಾನು ವಿರೋಧಿಸುತ್ತೇನೆ ಎಂದರು. ಮಂತ್ರಿಗಳು ನಿರೀಕ್ಷಿಸಿದಂತೆಯೇ ಎದ್ದರು, ಹದಿನೇಳು ಎಂದರು. ಅಧಿಕಾರಿಯ ವರದಿ ಎತ್ತಿ ಹಿಡಿದು, ಸೋಮವಾರದ ನೂರ ಎಂಟು ಮಂದಿಯನ್ನು ಮೈಕು ಹಾಕಿ ಕರೆಸಿದ್ದಲ್ಲವೇ ಎಂದರು. ಸಭೆಯಲ್ಲಿ ನಗೆ ಎದ್ದಿತು.

ಮಾಷ್ ಬಟ್ಟೆಚೀಲ ಮೇಜಿನ ಮೇಲಿಟ್ಟರು. ಒಂದು ಚೀಟಿ ತೆಗೆದು ಮುಂದಿನ ಬದಿ ತೋರಿಸಿದರು. "ಇದರಲ್ಲಿ ಒಬ್ಬ." ತಿರುಗಿಸಿದರು. "ಇಲ್ಲಿ ನಾಲ್ವರು." ಇನ್ನೊಂದು. "ಒಬ್ಬ. ಇಲ್ಲಿ ಐವರು." ಕ್ಲಾಸಿನಲ್ಲಿ ಕಪ್ಪುಹಲಗೆಯ ಎದುರು ನಿಂತವರಂತೆಯೇ, ಅವಸರವಿಲ್ಲದೆ. ಹದಿನೇಳು ಮಂದಿಗೆ ಇಷ್ಟು ಮಾತ್ರೆ ಯಾಕೆ ಎಂದು ನಿಮ್ಮ ಆಫೀಸೇ ಮಾರ್ಚಿನಲ್ಲಿ ಕೇಳಿದೆಯಲ್ಲ, ಇದೇ ಉತ್ತರ ಎಂದರು. ನಗೆ ನಿಂತಿತು. ಆಮೇಲೆ ಕಾಗದ ಬಿಡಿಸಿ ಕನ್ನಡದಲ್ಲಿ ಓದಿದರು.

"ನಾನು ಫೆಲ್ಸಿ ಕ್ರಾಸ್ತ, ನೆಕ್ಕರೆಪದವು. ಏಳು ವರ್ಷ ಮನೆಗೊಂದು ಚೀಟಿ ಕೊಟ್ಟವಳು ನಾನು. ಮಳೆಯಲ್ಲಿ ನಿಂತವರು ಬೇಗ ಒಳಗೆ ಹೋಗಲಿ ಎಂದು ಮಾಡಿದ್ದು. ಅದರಿಂದ ಅವರು ನಿಮ್ಮ ಲೆಕ್ಕದಿಂದಲೇ ಹೊರಗೆ ಹೋದರು. ಶಿಕ್ಷೆ ನನಗೆ ಕೊಡಿ. ಅವರ ಮದ್ದು, ಅಕ್ಕಿ ತೆಗೆಯಬೇಡಿ."

ಅದನ್ನೇ ಮಾಷ್ ಮಲಯಾಳಕ್ಕೆ ಅನುವಾದಿಸಿ ಹೇಳಿದರು. ಮಂತ್ರಿಗಳು ಪಕ್ಕದವರೊಡನೆ ಏನೋ ಮಾತಾಡಿದರು, ಮತ್ತೆ ಎದ್ದರು. ಆದೇಶ ತಡೆಹಿಡಿಯಲಾಗಿದೆ, ತಲೆ ಎಣಿಸಿ ಹೊಸ ಲೆಕ್ಕ ತೆಗೆಯುವವರೆಗೆ ಸಂಜೆಯ ಒಪಿಯೂ ಕಿಟ್ಟೂ ಮುಂದುವರಿಯುತ್ತದೆ, ಇಂಥ ಪದ್ಧತಿ ಬೇರೆ ಕಡೆಯೂ ಇದೆಯೇ ಎಂದು ಎಲ್ಲ ಜಿಲ್ಲೆಗಳಲ್ಲೂ ನೋಡುತ್ತೇವೆ ಎಂದರು.

ವರಾಂಡ ಸಿಡಿಯಿತು! ಯಾರು ಯಾರನ್ನು ಅಪ್ಪಿಕೊಂಡರೋ, ಯಾರ ಚಪ್ಪಲಿ ಯಾರ ಕಾಲಿಗೆ ಬಂತೋ. ಸಾಲ್ವದೊರ್ ರಿಕ್ಷಾದ ಹಾರ್ನ್ ಒತ್ತಿ ಬಿಡಲೇ ಇಲ್ಲ. ಬಟ್ಯಜ್ಜ ಎರಡೂ ಕೈ ಮೇಲೆತ್ತಿ ನಿಂತಿದ್ದ. ಫೆಲ್ಸಿಬಾಯಿ ನಗುತ್ತಿದ್ದಳು, ಅಳುತ್ತಿದ್ದಳು, "ನೂಕ್ಬೇಡಿ, ಡಾಕ್ಟರ ಫೋನು ಬೀಳ್ತದೆ" ಎಂದು ಬೈಯುತ್ತಲೂ ಇದ್ದಳು.

ಶಿಕ್ಷೆ ಕೇಳಿದವಳಿಗೆ ಅದೂ ಸಿಕ್ಕಿತು. ಮೂವತ್ತನೇ ತಾರೀಕು ಒಂದು ಸಾಲಿನ ಕಾಗದ ಬಂತು, ಕರಾರು ನವೀಕರಿಸುವುದಿಲ್ಲ. ಡಾಕ್ಟರ್ ಶ್ರೀರಂಜಿನಿ ಅತ್ತುಬಿಟ್ಟರು. ಮಾಷ್ ತಿರುವನಂತಪುರದಿಂದಲೇ ಫೋನು ಮಾಡಿ, ನಾನು ಮಂತ್ರಿಗಳ ಹತ್ತಿರ ಹೋಗುತ್ತೇನೆ ಎಂದರು. "ಬೇಡ ಮಾಷ್" ಎಂದಳು ಫೆಲ್ಸಿಬಾಯಿ. "ನೀವು ನನಗೋಸ್ಕರ ಹೋದರೆ ಅದು ನಾಟಕವೇ ಆಗಿತ್ತು ಅಂತಾರೆ. ಹೊಸ ಲೆಕ್ಕ ಮುಗೀಲಿ." ಹಾಗೆ ಹೇಳಿದರೂ ಪೊರಕೆಯನ್ನು ಮೂಲೆಯಲ್ಲಿಟ್ಟು ಗೇಟು ದಾಟುವಾಗ ಅವಳು ಚೀಟಿಯ ಕಿಟಕಿಯನ್ನೊಮ್ಮೆ ತಿರುಗಿ ನೋಡಿದಳು. ಏಳು ವರ್ಷ ಕೂತ ಕಿಟಕಿ ಅದು.

ಮುಂದಿನ ತಿಂಗಳು ಮೂರನೇ ತಾರೀಕು ಸಂಜೆ ನಾಲ್ಕಕ್ಕೆ ಅವಳು ಮತ್ತೆ ಆಸ್ಪತ್ರೆಗೆ ಬಂದಳು, ಈ ಸಲ ಸರಳಿನ ಹೊರಬದಿಗೆ. ಸಾಲು ಹಲಸಿನ ಮರದವರೆಗೆ ಇತ್ತು. "ಬಾಯಿ, ನೀವು ಮುಂದೆ ಹೋಗಿ" ಎಂದು ಎಲ್ಲರೂ ಬದಿಗೆ ಸರಿದರು. ಹೋಗಲಿಲ್ಲ. ಒಂದು ಗಂಟೆ ನಿಂತಳು. ಕಿಟಕಿಯಲ್ಲಿ ಹೊಸದಾಗಿ ಬಂದ ಪೂಜಾಶ್ರೀ ಎಂಬ ಹುಡುಗಿ, ಇವಳನ್ನು ಕಂಡು ಕೂತಲ್ಲೇ ಮುಂದೆ ಬಾಗಿದಳು.

"ನೀವಾ! ಎಂತ ತೊಂದರೆ ಬಾಯಿ?"

"ಸಕ್ಕರೆ ಕಾಯಿಲೆ. ಆರು ವರ್ಷ ಆಯ್ತು."

"ಹಳೇ ಚೀಟಿ ಉಂಟಾ?"

ಫೆಲ್ಸಿಬಾಯಿ ಚೀಲದೊಳಗೆ ಕೈ ಹಾಕಿದವಳು ಹಾಗೇ ನಿಂತಳು. ಆರು ವರ್ಷವೂ ಎಲ್ಲ ರೋಗಿಗಳು ಹೋದ ಮೇಲೆ ಡಾಕ್ಟರುಗಳು ಅವಳ ಬೆರಳು ಚುಚ್ಚಿ ನೋಡಿ ಮಾತ್ರೆ ಕೊಟ್ಟಿದ್ದರು. ಚೀಟಿ ಇಲ್ಲ. ಯಾರದೇ ಚೀಟಿಯ ಹಿಂದೆಯೂ ಅವಳ ಹೆಸರಿಲ್ಲ. ಊರಿಡೀ ಓಡಿ ಎಲ್ಲರನ್ನೂ ಲೆಕ್ಕಕ್ಕೆ ತಂದವಳು ತನ್ನನ್ನೇ ಬಿಟ್ಟಿದ್ದಳು.

"ಇಲ್ಲ ಮಗಾ. ಹೊಸದು ಮಾಡು."

ಯಂತ್ರ ಕಿರುಗುಟ್ಟಿ ಕಾಗದ ಹೊರಗೆ ತಳ್ಳಿತು. ಅವಳು ಕನ್ನಡಕ ಏರಿಸಿ ಸಂಖ್ಯೆ ಓದಿದಳು. "ಅರುವತ್ತೆರಡು! ನಾನು ಅರುವತ್ತೆರಡನೆಯವಳು!" ಎಂದು ಸಾಲಿಗೆಲ್ಲ ಕೇಳುವಂತೆ ಕೂಗಿದಳು. ಐವತ್ತರ ಗೆರೆ ಯಾವಾಗಲೋ ದಾಟಿ ಹೋಗಿತ್ತು, ಅವಳ ಹಿಂದೆ ಇನ್ನೂ ಜನರಿದ್ದರು.

ಅಷ್ಟರಲ್ಲಿ ಸಾಲ್ವದೊರ್ ರಿಕ್ಷಾ ನಿಲ್ಲಿಸಿ ಸೊಂಟ ಹಿಡಿದುಕೊಂಡು ಬಂದ. ಒಳದಾರಿಯ ಕಲ್ಲು ಹಾರಿಸಿದಂದಿನಿಂದ ನೋವು ಬಿಟ್ಟಿರಲಿಲ್ಲ. "ಚೀಟಿ ಆಯ್ತಲ್ಲ? ನನ್ನನ್ನೂ ಒಟ್ಟಿಗೆ ತೋರಿಸಿಬಿಡುವ" ಎಂದು ಹೆಂಡತಿಯ ಜೊತೆ ಡಾಕ್ಟರ ಬಾಗಿಲ ಕಡೆಗೆ ಕಾಲು ಹಾಕಿದ.

ಫೆಲ್ಸಿಬಾಯಿ ಅವನ ತೋಳು ಹಿಡಿದು ನಿಲ್ಲಿಸಿದಳು.

"ಇದಾ, ಇದು ನನ್ನ ಚೀಟಿ. ನಿಮ್ಮದು ಬೇರೆ."

ಸಾಲ್ವದೊರ್ ಹೋಗಿ ಹಲಸಿನ ಮರದ ಕೆಳಗೆ, ಎಲ್ಲರ ಹಿಂದೆ ನಿಂತ.